ಮಧ್ಯಾಹ್ನದ ಎಣ್ಣೆ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದ್ದೆ. "ಹೆಸರು ಬ್ಯಾಡವ್ವಾ. ಎಣ್ಣಿ ಬಗ್ಗೆ ಬರಿ. ಅದು ಬರೋಬರ್ ಬಂದ್ರ ಸಾಕು, ಅದರಾಗ ನಾ ಇದ್ದೇ ಇರ್ತೀನಿ," ಎಂದರು. ಹುಡುಗರು ಅವರನ್ನು ಎಣ್ಣಿ ಕಾಕಾ ಎನ್ನುತ್ತಿದ್ದರು. ಮೊದಮೊದಲು ಅದು ಬೆನ್ನ ಹಿಂದಿನ ಮಾತಾಗಿತ್ತು, ಆಮೇಲೆ ಎದುರಿಗೇ ಕರೆಯುವ ಹೆಸರಾಯಿತು. ನಾನೂ ಕಾಕಾ ಎಂದೇ ಬರೆಯುತ್ತೇನೆ.

ಕಳೆದ ತಿಂಗಳ ಕೊನೆಯ ಶನಿವಾರ ಕಾಕಾ ರಾಯಚೂರಿನ ನಮ್ಮ ಕಾಲೇಜಿನ ಕಾರ್ಯಾಗಾರದಿಂದ ನಿವೃತ್ತರಾದರು. ಅಲ್ಲಿ ಹದಿನಾಲ್ಕು ವರ್ಷ ದಿನಗೂಲಿಯಾಗಿ, ಎರಡು ವರ್ಷ ಏಳು ತಿಂಗಳು ಖಾಯಂ ನೌಕರರಾಗಿ ಇದ್ದರು. ಈ ಎರಡು ಅಂಕಿಗಳ ನಡುವೆ ಒಂದು ಆಟಿಕೆ ಕಾರಿದೆ. ಅದರ ಕಥೆ ಹೇಳದೆ ಅವರ ಬಗ್ಗೆ ಬರೆಯಲು ಬರುವುದಿಲ್ಲ. ಆದರೆ ಅದಕ್ಕಿಂತ ಮೊದಲು ಅವರ ಕೈಗಳ ಬಗ್ಗೆ ಹೇಳಬೇಕು.

ನಾನು ಆ ಕಾರ್ಯಾಗಾರದ ಸ್ಟೋರಿನ ಗುಮಾಸ್ತೆ. ಎಂಬತ್ತೆರಡರ ಜೂನಿನಲ್ಲಿ ಸೇರಿದೆ. ನನ್ನಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವರು. ಅವರು ಲೆಕ್ಕಕ್ಕೆ ಬೆರಳು ಮಡಿಸುತ್ತಾರೆ, ನಾನು ಗೆರೆ ಎಳೆಯುತ್ತೇನೆ. ದಿನ, ಹೊತ್ತು, ಎಷ್ಟು ಸಲ ಎಂಬುದನ್ನು ಬರೆಯದೆ ಬಿಟ್ಟರೆ ನನಗೆ ಆ ದಿನ ಆಗಿಯೇ ಇಲ್ಲ ಎನಿಸುತ್ತದೆ. ಸೇರಿದ ಎಂಟನೇ ದಿನದ ಬರಹ ಇದು: "ಸೋಮವಾರ, ೭-೧೦. ಬಿಳಿ ಗಡ್ಡದವರೊಬ್ಬರು ಚೀಟಿ ತಂದರು. ಶಾಕ್ ಅಬ್ಸಾರ್ಬರ್ ಎಣ್ಣೆ, ಕಾಲು ಲೀಟರ್. ಕೈ ಚಾಚಲು ಹೇಳಿದರು."

ನಡೆದದ್ದು ಇಷ್ಟು. ಸ್ಟೋರಿನಲ್ಲಿ ಎರಡು ಡಬ್ಬಿಗಳಿದ್ದವು, ಎರಡರ ಮೇಲಿನ ಅಕ್ಷರವೂ ಅಳಿಸಿತ್ತು. ಯಾವುದು ಬೇಕೆಂದು ಕೇಳಿದೆ. ಅವರು ಎರಡರಲ್ಲೂ ಕಡ್ಡಿ ಅದ್ದಿ ನನ್ನ ಎರಡು ಅಂಗೈಗೂ ಒಂದೊಂದು ಹನಿ ಬಿಟ್ಟರು.

"ಕಣ್ಣು ಮುಚ್ಚಿ ಹೆಬ್ಬಟ್ಟಿಲೆ ತಿಕ್ಕು. ಯಾವ ಕೈಯಾಗಿಂದು ಜಗ್ಗತದ?"

"ಬಲಗೈ."

"ಹಂಗಾದ್ರ ಅದು ಜೀಪಿಂದು. ಎಡಗೈದು ಹೊಲಿಗಿ ಮಷಿನ್ದು. ಆತು, ಬರಕೋ. ಇನ್ನ ನಿನಗ ಡಬ್ಬಿ ಮ್ಯಾಲೆ ಅಕ್ಷರ ಬೇಕಾಗಂಗಿಲ್ಲ."

ಅಂದು ಸಂಜೆಯವರೆಗೂ ನನ್ನ ರಿಜಿಸ್ಟರಿನ ತುಂಬ ಹೆಬ್ಬೆಟ್ಟಿನ ಕಲೆಗಳಿದ್ದವು. ಅವರ ಕೈಗಳು ಮಾತ್ರ ಯಾವಾಗಲೂ ಸ್ವಚ್ಛ. ಜಿನ್ನಿಂಗ್ ಗಿರಣಿಯಿಂದ ತಂದ ಹತ್ತಿಯ ಕಸದಿಂದ ಒರೆಸಿಕೊಂಡು, ಆಮೇಲೆ ಅಕ್ಕಿ ತೌಡಿನಲ್ಲಿ ತಿಕ್ಕುತ್ತಿದ್ದರು. ನೆಲಕ್ಕೆ ಎಣ್ಣೆ ಬಿದ್ದರೂ ತೌಡೇ. ನಮ್ಮ ಕಾರ್ಯಾಗಾರಕ್ಕೆ ಬಂದ ಹೊಸಬರು ಇಲ್ಲಿ ಯಾರೋ ಎಮ್ಮೆ ಸಾಕಿದ್ದಾರೆ ಎಂದುಕೊಳ್ಳುತ್ತಿದ್ದರು.

ಅವರು ಓದಿದ್ದು ನಾಲ್ಕನೇ ಇಯತ್ತೆ. ಪಾಠ ಮಾಡುವ ಹಕ್ಕು ಅವರಿಗಿರಲಿಲ್ಲ. ಪಾಠವೇನಿದ್ದರೂ ಒಳಗೆ ಹಲಗೆಯ ಮೇಲೆ ಬೇರೆಯವರು ಮಾಡುತ್ತಿದ್ದರು. ಹುಡುಗರು ಅದನ್ನು ಬರೆದುಕೊಂಡು ಹೊರಗೆ ಬಂದು, ಬೇವಿನ ಗಿಡದ ಕೆಳಗೆ ಕುಳಿತ ಕಾಕಾ ಹತ್ತಿರ, "ಕಾಕಾ, ಈಗ ತಿಳಿಯೋ ಹಂಗ ಹೇಳ್ರಿ," ಎನ್ನುತ್ತಿದ್ದರು. ಅವರು ಜೀಪಿನ ಹಳೆಯ ಶಾಕ್ ಅಬ್ಸಾರ್ಬರ್ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಹೇಳುತ್ತಿದ್ದರು:

"ಸ್ಪ್ರಿಂಗಿನ ಕೆಲಸ ಜಿಗಿಯೋದು. ತಗ್ಗು ಬಂತು, ಒತ್ತಿಕೊಂತು, ಮ್ಯಾಲೆ ಜಿಗೀತು. ಅಷ್ಟಕ್ಕ ಬಿಟ್ರ ಅದು ಹತ್ತು ಸಲ ಜಿಗಿತದ. ಇಲ್ಲೇ ಒಳಗ ಎಣ್ಣಿ ಅದ. ಪಿಸ್ಟನ್ನಿಗೆ ಸಣ್ಣ ತೂತು. ಎಣ್ಣಿ ಆ ತೂತಿನಾಗ ಹಾದು ಹೋಗಬೇಕು. ದಪ್ಪ ಎಣ್ಣಿ ತಡಾ ಮಾಡತದ, ತೆಳ್ಳಂದು ಓಡಿ ಹೋಗತದ. ಬಾಳ ದಪ್ಪ ಆದ್ರ ಗಾಡಿ ಕಲ್ಲಾಗತದ. ಬಾಳ ತೆಳ್ಳಗಾದ್ರ ಕಪ್ಪಿ ಆಗತದ. ಸ್ಪ್ರಿಂಗ್ ಸಿಟ್ಟಿಗೆದ್ದಾಗ ಎಣ್ಣಿ ಅದಕ್ಕ 'ಇರ್ಲಿ ಬಿಡಪಾ' ಅನ್ನಬೇಕು. ಅಷ್ಟ."

"ಪರೀಕ್ಷಾದಾಗ ಇರ್ಲಿ ಬಿಡಪಾ ಅಂತ ಬರೀಲೇನ್ರಿ?" ಎಂದ ಒಬ್ಬ.

"ಬರಿ. ಫೇಲಾಗಿ ಮುಂದಿನ ವರ್ಷ ಮತ್ತ ನನ್ನ ಹತ್ರ ಬಾ."

ಈ ಎಣ್ಣೆಗೆ ಅವರು ಅಂಟಿಕೊಂಡದ್ದು ಹೇಗೆ ಎಂದು ಒಂದೇ ಸಲ ಹೇಳಿದರು. ಎಪ್ಪತ್ತರ ಸುಮಾರಿಗೆ ಅವರು ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರದ ಒಂದು ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದರು. ಊರು ದೇವದುರ್ಗ. ಅಲ್ಲಿ ಅವರ ತಾಯಿ ಬಾವಿಯ ಮೆಟ್ಟಿಲ ಮೇಲೆ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಬಾಡಿಗೆ ಜೀಪಿನಲ್ಲಿ ಮಲಗಿಸಿಕೊಂಡು ರಾಯಚೂರಿಗೆ ತಂದರು. "ತಗ್ಗು ಬಂದಾಗೊಮ್ಮೆ ನಮ್ಮವ್ವ ನನ್ನ ಅಂಗಿ ಹಿಡಿದು ಯಪ್ಪಾ ಅಂತಿದ್ಲು. ಎಷ್ಟು ಸಲ ಅಂತ ಎಣಿಸ್ಲಿಲ್ಲ. ನಿನ್ನಂಗ ಎಣಿಸೋ ಬುದ್ಧಿ ಇದ್ದಿದ್ರ ಹುಚ್ಚ ಹಿಡೀತಿತ್ತು." ತಾಯಿಯನ್ನು ದವಾಖಾನೆಗೆ ಸೇರಿಸಿ ಮರುದಿನ ಅದೇ ಜೀಪನ್ನು ತರಿಸಿ ಶಾಕ್ ಅಬ್ಸಾರ್ಬರ್ ಬಿಚ್ಚಿದರು. ಒಳಗೆ ಒಂದು ಹನಿ ಎಣ್ಣೆಯೂ ಇರಲಿಲ್ಲ. ತುಂಬಿ ಕಳಿಸಿದರು. ಅಲ್ಲಿಂದ ಮುಂದೆ ದೇವದುರ್ಗದ ದಾರಿಯಲ್ಲಿ ಓಡುವ ಜೀಪುಗಳಿಗೆ ಭಾನುವಾರ ಮುಂಜಾನೆ ಎಣ್ಣೆ ತುಂಬುವುದು ಅವರ ವಾಡಿಕೆಯಾಯಿತು. ಕಾಲೇಜಿನ ಕೆಲಸ ಸಿಕ್ಕ ಮೇಲೂ ಬಿಡಲಿಲ್ಲ. ತಾಯಿ ಕುಂಟುತ್ತಲೇ ಇನ್ನೂ ಹನ್ನೊಂದು ವರ್ಷ ಬದುಕಿದರಂತೆ.

ಆ ಡ್ರೈವರುಗಳಲ್ಲಿ ಹುಸೇನಪ್ಪ ಎಂಬಾತ ಆಗಾಗ ಕಾಲೇಜಿನ ಗೇಟಿಗೇ ಬರುತ್ತಿದ್ದ. ಅವನದು ದೇವದುರ್ಗ–ರಾಯಚೂರು ಜೀಪು. ಅವನ ದೂರು ಯಾವಾಗಲೂ ಒಂದೇ.

"ಕಾಕಾ, ನೀವು ತುಂಬಿದ್ದು ಮುಂಜಾನಿ ರೇಷ್ಮಿ ಹಂಗ ಹೋಗತದ್ರಿ. ಊಟಾ ಮಾಡಿ ಹೊಂಟೆ ಅಂದ್ರ ಕುಣ್ಯಾಕ ಹತ್ತತದ."

"ಗಾಡಿ ಕುಣ್ಯಂಗಿಲ್ಲಲೇ. ಉಂಡ ಮ್ಯಾಲ ನೀ ಕುಣಿಸ್ತೀ. ಮಧ್ಯಾಹ್ನ ಮನಿಗಿ ಓಡೋ ಅವಸರ ನಿನಗ."

"ನನ್ನ ಮನಿ ದೇವದುರ್ಗದಾಗ ಅದ್ರಿ. ಮಧ್ಯಾಹ್ನ ನಾ ರಾಯಚೂರಿಗೆ ಬರ್ತೀನಿ."

ನಾನು ನಕ್ಕು ಅದನ್ನು ಬರೆದಿಟ್ಟುಕೊಂಡೆ. ಎಂಬತ್ಮೂರರಿಂದ ಎಂಬತ್ತೈದರ ಬೇಸಿಗೆಯವರೆಗೆ ನನ್ನ ದಿನಚರಿಯಲ್ಲಿ ಹುಸೇನಪ್ಪನ ಈ ದೂರು ಆರು ಸಲ ಬಂದಿದೆ. ಆರು ಸಲವೂ ಬೈಗುಳ ತಿಂದು ಹೋಗಿದ್ದಾನೆ. ಆರರಲ್ಲೂ ನಾನು ಕಾಕಾನ ಕಡೆಗೇ ಇದ್ದೆ.

ಎಂಬತ್ತೈದರ ಮಾರ್ಚಿನಲ್ಲಿ ಪ್ರಿನ್ಸಿಪಾಲರು ಕಾಕಾನನ್ನು ಕರೆಸಿದರು. ಅವರು ಮೈಸೂರಿನ ಕಡೆಯವರು, ಒಳ್ಳೆಯ ಮನುಷ್ಯ. ನಾನು ರಿಜಿಸ್ಟರಿಗೆ ಸಹಿ ಮಾಡಿಸಲು ಅಲ್ಲೇ ನಿಂತಿದ್ದೆ. ದಿನಗೂಲಿಯವರನ್ನು ಖಾಯಂ ಮಾಡುವುದಕ್ಕೆ ಮೇ ತಿಂಗಳಲ್ಲಿ ಮೂವರ ಸಮಿತಿ ಬರುತ್ತದೆ ಎಂದರು. "ನಿಮಗೆ ಐವತ್ತೈದು. ಇದು ತಪ್ಪಿದರೆ ಇನ್ನೊಂದು ಅವಕಾಶ ಬರೋದಿಲ್ಲ. ನಿಮ್ಮ ಹತ್ತಿರ ಸರ್ಟಿಫಿಕೇಟ್ ಇಲ್ಲ. ಹಾಗಾಗಿ ನಿಮ್ಮ ಕೈಯ ಕೆಲಸ ಏನಾದರೂ ಅವರ ಕಣ್ಣಿಗೆ ಕಾಣಬೇಕು."

ಹೊರಗೆ ಬಂದ ಕಾಕಾ ಬೇವಿನ ಕಟ್ಟೆಯ ಮೇಲೆ ಕುಳಿತು ಅಂಗೈ ನೋಡಿಕೊಂಡರು. "ನನ್ನ ಕೆಲಸ ಕೊಳವಿ ಒಳಗ ಅದವ್ವಾ. ಕಣ್ಣಿಗೆ ಹೆಂಗ ಕಾಣಿಸ್ಲಿ?"

ಅದು ಕಂಡದ್ದು ಮಾನ್ವಿಯ ಒಬ್ಬ ಸಾವ್ಕಾರರ ದೆಸೆಯಿಂದ. ನನ್ನಪ್ಪ ಚೀಲ ಹೊರುವ ಗಿರಣಿಯ ಮಾಲೀಕರು. ಅವರ ಅಳಿಯ ಕುವೈತಿನಿಂದ ಮೊಮ್ಮಗನಿಗೆಂದು ಒಂದು ಜಪಾನಿ ಕಾರು ಕಳಿಸಿದ್ದರು. ಒಂದು ಮೊಳ ಉದ್ದ, ರೇಡಿಯೋದಿಂದ ಓಡುವಂಥದ್ದು. ಕೈಯಲ್ಲಿ ಉದ್ದನೆಯ ಕಡ್ಡಿ ಇದ್ದ ಪೆಟ್ಟಿಗೆ ಹಿಡಿದು ಎರಡು ಗುಂಡಿ ಆಡಿಸಿದರೆ ದೂರದಲ್ಲಿ ಕಾರು ಓಡುತ್ತಿತ್ತು, ತಿರುಗುತ್ತಿತ್ತು. ಮೊಮ್ಮಗನ ಕೈಗೆ ಸಾವ್ಕಾರರು ಅದನ್ನು ಇನ್ನೂ ಕೊಟ್ಟಿರಲಿಲ್ಲ. ಗಿರಣಿಯ ಭತ್ತ ಒಣಗಿಸುವ ಕಣದಲ್ಲಿ ತಾವೇ ಓಡಿಸುತ್ತಿದ್ದರು. ಆದರೆ ಬರುವ ದಾರಿಯಲ್ಲಿ ಅದರೊಳಗಿನ ಎಣ್ಣೆ ಸೋರಿಹೋಗಿ, ಸಣ್ಣ ಹರಳು ಸಿಕ್ಕರೂ ಕಾರು ಪುಟಿದು ಮಗುಚಿ ಬೀಳುತ್ತಿತ್ತು. ಅಪ್ಪ ಕಾಕಾನ ಸುದ್ದಿ ಹೇಳಿದರು. ಮುಂದಿನ ಸೋಮವಾರ ನಾನೇ ಕಾರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಕಾಕಾ ಅದನ್ನು ಮಗುಚಿ ನೋಡಿದರು. ನಾಲ್ಕು ಗಾಲಿಗೆ ನಾಲ್ಕು ಶಾಕ್ ಅಬ್ಸಾರ್ಬರ್, ಒಂದೊಂದೂ ನನ್ನ ಕಿರುಬೆರಳಿನಷ್ಟು. ಒಂದನ್ನು ಬಿಚ್ಚಿದರು. ಒಳಗೆ ಪಿಸ್ಟನ್, ಪಿಸ್ಟನ್ನಿಗೆ ತೂತು. ತೂತನ್ನು ಬೆಳಕಿಗೆ ಹಿಡಿದು ನೋಡಿದರು.

"ಪೂರಾ ಜೀಪ ಅದವ್ವಾ ಇದು," ಎಂದರು ಕೊನೆಗೆ. "ಕಣ್ಣಿಗೆ ಕಾಣತದ."

ಸಮಿತಿಯ ದಿನ ಕಾರನ್ನು ಎರವಲು ಕೊಡಲು ಸಾವ್ಕಾರರು ಒಪ್ಪಿದರು. ಶರತ್ತು ಒಂದೇ, ಮೊದಲು ಅದು ಮಾನ್ವಿಗೆ ಬಂದು ಅವರ ಕಣದಲ್ಲಿ ಮಗುಚದೆ ಓಡಬೇಕು.

ಹಾಗೆ ಶುರುವಾಯಿತು. ಕಾರಿಗೆ ಹಾಕುವ ಎಣ್ಣೆ ಇಲ್ಲಿ ಸಿಗುವುದಲ್ಲ. ಜೀಪಿನ ಎಣ್ಣೆ ಅದಕ್ಕೆ ದಪ್ಪ, ಹೊಲಿಗೆ ಯಂತ್ರದ್ದು ತೆಳು. ಎರಡನ್ನೂ ಬೆರೆಸಬೇಕು. ಎಷ್ಟಕ್ಕೆ ಎಷ್ಟು? ಕಾಕಾ ಒಂದು ಗಾಜಿನ ನಳಿಗೆ ತಂದರು. ಅದರೊಳಗೆ ಬಿಗಿಯಾಗಿ ಇಳಿಯುವಂಥ ಒಂದು ಬೇರಿಂಗ್ ಗುಂಡು ಹುಡುಕಿದರು. ನಳಿಗೆಗೆ ಎಣ್ಣೆ ತುಂಬಿ ಗುಂಡು ಬಿಟ್ಟರೆ ಮೇಲಿಂದ ಕೆಳಗೆ ಮುಟ್ಟಲು ಎಷ್ಟು ಸೆಕೆಂಡು ಎಂದು ನಾನು ಗಡಿಯಾರ ನೋಡುವುದು. ಅವರು ಗಡಿಯಾರ ನೋಡುತ್ತಿರಲಿಲ್ಲ, ಬಾಯೊಳಗೇ ಎಣಿಸುತ್ತಿದ್ದರು. ಇಪ್ಪತ್ತು ಸಲ ಹೋಲಿಸಿ ನೋಡಿದೆ. ಅವರ ಎಣಿಕೆಗೂ ನನ್ನ ಗಡಿಯಾರಕ್ಕೂ ಹದಿನೇಳು ಸಲ ವ್ಯತ್ಯಾಸವೇ ಇರಲಿಲ್ಲ. ಮೂರು ಸಲ ಒಂದು ಸೆಕೆಂಡು. "ಆ ಮೂರು ಸಲ ನಿನ್ನ ಗಡಿಯಾರ ನಿದ್ದಿ ಮಾಡಿತ್ತು," ಎಂದರು.

ಆಮೇಲೆ ಆ ಎಣ್ಣೆಯನ್ನು ಕಾರಿಗೆ ತುಂಬಿ ಒಂದು ಗೇಣು ಎತ್ತರದಿಂದ ನೆಲಕ್ಕೆ ಬಿಡುವುದು, ಪುಟಿತ ಎಣಿಸುವುದು. ಎಣ್ಣೆಯಿಲ್ಲದಾಗ ಐದು. ಕೆಳಗಿಳಿದು ಒಂದೇ ಸಲ ಮೇಲೆದ್ದು ನಿಂತುಬಿಟ್ಟರೆ ಸರಿಯಾದದ್ದು. ಮೂವತ್ತೊಂದು ಬೆರಕೆ ಮಾಡಿದೆವು. ಮೂವತ್ತೊಂದೂ ನನ್ನ ಪುಸ್ತಕದಲ್ಲಿವೆ: ದಿನ, ಹೊತ್ತು, ಬೆರಕೆ, ಸೆಕೆಂಡು, ಪುಟಿತ. ಮೂರು ಪಾಲು ಜೀಪಿನದು, ಎರಡು ಪಾಲು ಹೊಲಿಗೆ ಯಂತ್ರದ್ದು ಬೆರೆಸಿದಾಗ ಗುಂಡು ಇಳಿಯಲು ಒಂಬತ್ತು ಸೆಕೆಂಡು ತೆಗೆದುಕೊಂಡಿತು, ಕಾರು ಒಮ್ಮೆ ಎದ್ದು ನಿಂತಿತು. ಕಾರ್ಯಾಗಾರದ ಹಿಂದೆ ಇಟ್ಟಿಗೆ ಚೂರು, ಕಬ್ಬಿಣದ ಸರಳು ಹಾಸಿ ಓಡಿಸಿದೆವು. ಹುಡುಗರು ಕೇಕೆ ಹಾಕಿದರು. ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ಬಹಳ ಸಂತೋಷವಾದಾಗ ಅವರು ಮಾಡುತ್ತಿದ್ದದ್ದು ಅಷ್ಟೇ.

ಮೇ ಮೊದಲ ಭಾನುವಾರ ಇಬ್ಬರೂ ಕಾರು ತೆಗೆದುಕೊಂಡು ಮಾನ್ವಿಗೆ ಹೋದೆವು. ಸಾವ್ಕಾರರು ಮುಂಜಾನೆ ಲಗ್ನಕ್ಕೆ ಹೋಗಿದ್ದರು. ಬಂದದ್ದು ಎರಡು ಗಂಟೆಗೆ. ಕಣದ ಕಲ್ಲಿನ ಮೇಲೆ ಕಾಲಿಡಲಾಗದಷ್ಟು ಬಿಸಿಲು. ನನ್ನಪ್ಪ, ಹಮಾಲರು, ಗಿರಣಿಯ ಹೆಂಗಸರು ನೆರಳಿಗೆ ನಿಂತು ನೋಡುತ್ತಿದ್ದರು. ಸಾವ್ಕಾರರು ಧೋತರ ಎತ್ತಿ ಕಟ್ಟಿ, ಪೆಟ್ಟಿಗೆ ಹಿಡಿದು ಗುಂಡಿ ಒತ್ತಿದರು.

ಕಣದಲ್ಲಿ ನಾವು ಹಾಸಿದ್ದ ಸರಳುಗಳಲ್ಲಿ ಎರಡನೆಯದಕ್ಕೇ ಕಾರು ಪುಟಿಯಿತು. ಮೂರನೆಯದಕ್ಕೆ ಮಗುಚಿ ಬಿತ್ತು. ಎತ್ತಿ ನಿಲ್ಲಿಸಿ ಓಡಿಸಿದರು. ಮತ್ತೆ ಬಿತ್ತು. ನಾಲ್ಕು ಸಲ ಓಡಿಸಿದರು, ನಾಲ್ಕು ಸಲವೂ ಬಿತ್ತು.

"ಏನ್ರಿ ಮಾಸ್ತರ, ಎರಡು ತಿಂಗಳು ಇದಕ್ಕ ಎಣ್ಣಿ ತುಂಬಿದ್ರೋ, ಹೆಂಡ ಕುಡಿಸಿದ್ರೋ?" ಎಂದರು ಸಾವ್ಕಾರರು. ಹಮಾಲರು ನಕ್ಕರು. ನನ್ನಪ್ಪ ನಗಲಿಲ್ಲ, ನೆಲ ನೋಡುತ್ತ ನಿಂತರು. "ಇದನ್ನ ಸಾಹೇಬರ ಮುಂದ ಬೀಳಿಸಿ ನನ್ನ ಮಾನಾ ಕಳೀಬ್ಯಾಡ್ರಿ. ಇಟ್ಟು ಹೋಗ್ರಿ."

ಕಾಕಾ ಕಾರನ್ನು ಎತ್ತಿಕೊಂಡು, ಬಿಸಿಯಾಗಿದ್ದ ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟರು. "ಒಂದು ವಾರ ಕೊಡ್ರಿ ಸಾವ್ಕಾರ್ರ. ಬೀಳಿಸಿದವನು ನಾ. ನಿಲ್ಲಿಸಿ ತಂದು ಕೊಡ್ತೀನಿ." ಸಾವ್ಕಾರರು ಪೆಟ್ಟಿಗೆಯನ್ನು ತಮ್ಮಲ್ಲೇ ಇಟ್ಟುಕೊಂಡು ಕಾರನ್ನು ಮಾತ್ರ ಬಿಟ್ಟರು.

ಬಸ್ಸಿನಲ್ಲಿ ಕಾಕಾ ಕಿಟಕಿಯ ಹತ್ತಿರ ಕುಳಿತರು. ನನಗೆ ಬೇರೇನೂ ತೋಚದೆ ಪುಸ್ತಕ ತೆರೆದೆ. ತಪ್ಪಿದ್ದು ಬೆರಕೆಯೇ, ಸೆಕೆಂಡೇ ಎಂದು ಮೂವತ್ತೊಂದು ಸಾಲುಗಳ ಮೇಲೂ ಬೆರಳಾಡಿಸಿದೆ. ನೀರಮಾನ್ವಿ ದಾಟಿತು. ಆಮೇಲೆ ಸುಮ್ಮನೆ ಹೊತ್ತಿನ ಸಾಲನ್ನು ಓದಿದೆ. ಆರೂ ನಲವತ್ತು. ಏಳೂ ಹದಿನೈದು. ಎಂಟೂ ಐದು. ಎಲ್ಲಕ್ಕಿಂತ ತಡವಾದದ್ದು ಒಂಬತ್ತೂವರೆ.

ರಾಯಚೂರಿನಲ್ಲಿ ಬೇಸಿಗೆ ಎಂದರೆ ಯಾರೂ ವಿವರಿಸಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ಕಾರ್ಯಾಗಾರ ಮುಂಜಾನೆ ಆರೂವರೆಗೆ ತೆರೆದು ಹನ್ನೊಂದೂವರೆಗೆ ಮುಚ್ಚುತ್ತದೆ. ಗಂಜಿನ ಶೆಡ್ಡುಗಳೂ ಹಾಗೆಯೇ. ನಂತರ ಬಾಗಿಲು ಹಾಕಿ ಮಲಗುವುದು. ಅದು ಎಷ್ಟು ರೂಢಿಯೆಂದರೆ, ಮಧ್ಯಾಹ್ನ ಎಂಬ ಹೊತ್ತೇ ಕೆಲಸದ ಲೆಕ್ಕದಲ್ಲಿ ಇರುವುದಿಲ್ಲ.

"ಕಾಕಾ," ಎಂದೆ. "ನಾವು ಒಂದೂ ಮಧ್ಯಾಹ್ನ ನೋಡಿಲ್ಲ."

ಅವರು ತಿರುಗಿ ನೋಡಿದರು. ಪುಸ್ತಕವನ್ನು ಅವರ ಮುಂದೆ ಹಿಡಿದು ಹೊತ್ತಿನ ಸಾಲನ್ನು ಓದಿ ಹೇಳಿದೆ. ಅವರಿಗೆ ಎರಡನೇ ಸಲ ಓದಬೇಕಾಗಲಿಲ್ಲ. ಬಿಸಿಲಿಗೆ ಎಣ್ಣೆ ತೆಳ್ಳಗಾಗುವುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ, ಅಡುಗೆ ಮಾಡುವ ಯಾರಿಗೂ ಗೊತ್ತು. ಆದರೆ ಎಷ್ಟು ತೆಳ್ಳಗಾಗುತ್ತದೆ ಎಂದು ಎಂದೂ ನೋಡಿರಲಿಲ್ಲ, ಬೇಸಿಗೆಯ ಆ ಹೊತ್ತಿನಲ್ಲಿ ಅವರು ಎಂದೂ ಕೆಲಸ ಮಾಡಿರಲಿಲ್ಲ. ಕಲ್ಮಲದ ಕ್ರಾಸ್ ಬಂತು. ದೇವದುರ್ಗದ ದಾರಿ ಅಲ್ಲೇ ಕೂಡುತ್ತದೆ. ಆ ಕಡೆಯಿಂದ ಒಂದು ಜೀಪು ಕುಣಿಯುತ್ತ ಬರುತ್ತಿತ್ತು.

"ಹುಸೇನಪ್ಪ ಎಷ್ಟು ಸಲ ಹೇಳಿದ್ದನವ್ವಾ?"

"ಆರು ಸಲ."

"ನಿನ್ನ ಪುಸ್ತಕದಾಗ ಆರು. ಅದಕ್ಕೂ ಮೊದಲು ಹತ್ತು ವರ್ಷ ಎಲ್ಲಾ ಡ್ರೈವರಗಳೂ ಹೇಳ್ಯಾರ." ಆ ಜೀಪಿನ ಕಡೆ ಕೈ ತೋರಿಸಿ, "ಎಲ್ಲಾರನ್ನೂ ಬೈದೀನಿ," ಎಂದರು.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಕಾಕಾ ಕಾರ್ಯಾಗಾರದ ಅಂಗಳದಲ್ಲಿ ನಳಿಗೆ ನಿಲ್ಲಿಸಿದರು. ಅದೇ ಎಣ್ಣೆ, ಅದೇ ಗುಂಡು. ಐದು ಸೆಕೆಂಡು. ಮುಂಜಾನೆಯ ಒಂಬತ್ತು ಮಧ್ಯಾಹ್ನ ಐದಾಗಿತ್ತು. ಐದು ದಿನ ಆ ಬಿಸಿಲಿನಲ್ಲೇ ಬೆರಕೆ ಮಾಡಿ, ಜೀಪಿನ ಎಣ್ಣೆ ಐದು ಪಾಲು, ಹೊಲಿಗೆ ಯಂತ್ರದ್ದು ಒಂದು ಪಾಲು ಹಾಕಿ ಮತ್ತೆ ಒಂಬತ್ತಕ್ಕೆ ತಂದರು. ಎರಡು ಬಾಟಲಿಗೆ ಎರಡು ಚೀಟಿ ಅಂಟಿಸಿದೆ: ಮುಂಜಾನೆ, ಮಧ್ಯಾಹ್ನ.

ಭಾನುವಾರ ಗಂಜಿನ ಶೆಡ್ಡಿಗೆ ಹುಸೇನಪ್ಪನನ್ನು ಕರೆಸಿದರು. ಏನಾಯಿತೆಂದು ಅವನೇ ನನಗೆ ಆಮೇಲೆ ಹೇಳಿದ. "ಕುಂದ್ರು ಅಂದ್ರು. ಚಾ ತರಿಸಿದ್ರು. ಹುಸೇನಪ್ಪಾ, ನೀ ಖರೆ ಹೇಳಿದ್ದಿ, ನಾ ತಪ್ಪಿದ್ದೆ ಅಂದ್ರು. ನಾ ಚಾ ಅಲ್ಲೇ ಇಟ್ಟು ಎದ್ದು ನಿಂತೆರಿ. ಬೈದ್ರ ಛಲೋ ಇತ್ತು." ಹದಿಮೂರು ಜೀಪುಗಳಿಗೆ ಮಧ್ಯಾಹ್ನದ ಬಿಸಿಲಿಗೂ ತಡೆಯುವ, ಮೊದಲಿನದಕ್ಕಿಂತ ದಪ್ಪನೆಯ ಎಣ್ಣೆ ತುಂಬಬೇಕಿತ್ತು. ಪ್ರತಿ ಡ್ರೈವರಿಗೂ ಅದೇ ಮಾತು ಹೇಳಿಯೇ ತುಂಬಿದರು.

ಸಮಿತಿ ಮರುವಾರ ಬುಧವಾರ ಬರುವುದಿತ್ತು, ಮುಂಜಾನೆ ಹತ್ತಕ್ಕೆ. ಪ್ರಿನ್ಸಿಪಾಲರು ಎರಡು ಬಾಟಲಿಗಳ ಕಥೆ ಕೇಳಿ ಹೇಳಿದರು: "ಹತ್ತು ಗಂಟೆಗೆ ಮುಂಜಾನೆ ಎಣ್ಣೆ ಚೆನ್ನಾಗಿ ಓಡುತ್ತೆ ಅಲ್ವಾ? ಅದನ್ನೇ ತೋರಿಸಿ. ಹದಿನಾಲ್ಕು ವರ್ಷ ತಪ್ಪಾಗಿತ್ತು ಅಂತ ನೀವೇ ಯಾಕೆ ಹೇಳಿಕೊಳ್ತೀರಿ?"

"ನೋಡೋಣ್ರಿ," ಎಂದರು ಕಾಕಾ.

ಆ ದಿನ ಎಲ್ಲರಿಗಿಂತ ಮೊದಲು ಬಂದವರು ಮಾನ್ವಿಯ ಸಾವ್ಕಾರರು. ಜರಿ ಅಂಚಿನ ಧೋತರ, ಕೈಯಲ್ಲಿ ರೇಡಿಯೋ ಪೆಟ್ಟಿಗೆ. ಹಿಂದಿನ ಶನಿವಾರ ಮಧ್ಯಾಹ್ನ ಕಾಕಾ, ತಾವು ಮಾತು ಕೊಟ್ಟಂತೆ, ಕಾರನ್ನು ಅವರ ಕಣಕ್ಕೆ ಒಯ್ದು ಅದು ಮಗುಚದೆ ಓಡುವುದನ್ನು ತೋರಿಸಿದ್ದರು. "ಇದನ್ನ ನನ್ನ ಬಿಟ್ಟು ಬ್ಯಾರೆ ಯಾರೂ ಓಡಿಸಂಗಿಲ್ಲ. ಓಡಿಸಿದ್ರ ಗಾಡಿ ಬೀಳತದ, ಹೆಸರು ಎಣ್ಣಿಗೆ ಬರತದ," ಎಂದು ಸಾವ್ಕಾರರು ಸಮಿತಿಯವರ ಪಕ್ಕದಲ್ಲೇ ನಿಂತರು.

ಹತ್ತು ಗಂಟೆಗೆ ಮುಂಜಾನೆ ಎಣ್ಣೆಯಲ್ಲಿ ಕಾರು ಸರಳುಗಳ ಮೇಲೆ ಹಾದು ಹೋಯಿತು. ಮೂರು ಸುತ್ತು. ಒಮ್ಮೆಯೂ ಪುಟಿಯಲಿಲ್ಲ. ಸಮಿತಿಯ ಮುಖ್ಯಸ್ಥರು ಎತ್ತರದ ಮನುಷ್ಯ, ಬಿಸಿಲಿಗೆ ಛತ್ರಿ ಹಿಡಿದಿದ್ದರು. "ಚೆನ್ನಾಗಿದೆ, ಚೆನ್ನಾಗಿದೆ," ಎನ್ನುತ್ತ ಫೈಲು ತೆರೆದು ಪೆನ್ನು ತೆಗೆದರು. ಪ್ರಿನ್ಸಿಪಾಲರು ನನ್ನ ಕಡೆ ನೋಡಿ ಮುಗುಳ್ನಕ್ಕರು. ನಾನು ಹೊತ್ತು ಬರೆದುಕೊಂಡೆ. ಹತ್ತೂ ಇಪ್ಪತ್ತು.

"ಸಾಹೇಬ್ರ, ಇದು ಅರ್ಧ ಕೆಲಸ," ಎಂದರು ಕಾಕಾ. "ಇನ್ನರ್ಧ ಎರಡು ಗಂಟೆಕ್ಕ ಅದ. ಅದನ್ನ ನೋಡಿ ಬರೀರಿ."

"ಎರಡು ಗಂಟೆಗಾ? ಈ ಊರಲ್ಲಿ?" ಎಂದರು ಇನ್ನೊಬ್ಬ ಸದಸ್ಯರು. "ಏನಿದೆ ಎರಡು ಗಂಟೆಗೆ?"

"ಇದು ಬೀಳತದ್ರಿ."

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಮುಖ್ಯಸ್ಥರು ಪೆನ್ನಿನ ಟೋಪಿ ಹಾಕಿ, ಫೈಲು ಮುಚ್ಚಿದರು. "ಬರ್ತೀವಿ," ಎಂದರು.

ಬಂದರು. ಮೂವರೂ. ಕಾಕಾ ಅವರನ್ನು ನೆರಳಿನಲ್ಲಿ ಕೂರಿಸಲಿಲ್ಲ, ಅಂಗಳದಲ್ಲೇ ನಿಲ್ಲಿಸಿದರು. ಬೆಳಗಿನ ಎಣ್ಣೆಯಲ್ಲೇ ಕಾರು ಓಡಿತು, ಮೂರನೇ ಸರಳಿಗೆ ಮಗುಚಿ ಬಿತ್ತು. "ನನ್ನ ತಪ್ಪಲ್ಲ," ಎಂದರು ಸಾವ್ಕಾರರು ತಟ್ಟನೆ. ಕಾಕಾ ನೆಲದ ಮೇಲೆ ಕುಳಿತು ನಾಲ್ಕೂ ಶಾಕ್ ಅಬ್ಸಾರ್ಬರ್ ಬಿಚ್ಚಿ, ತೊಳೆದು, ಎರಡನೇ ಬಾಟಲಿಯ ಎಣ್ಣೆ ತುಂಬಿದರು. ನಾನು ನಳಿಗೆಯ ಮುಂದೆ ನಿಂತು ಎರಡೂ ಎಣ್ಣೆಗಳ ಸೆಕೆಂಡು ಓದಿದೆ. ಬೆಳಗಿನದು ಐದು. ಮಧ್ಯಾಹ್ನದ್ದು ಒಂಬತ್ತು. ಇದಕ್ಕೆಲ್ಲ ಇಪ್ಪತ್ತೆರಡು ನಿಮಿಷ ಹಿಡಿಯಿತು. ಯಾರೂ ಹೋಗೋಣ ಎನ್ನಲಿಲ್ಲ. ಸಾವ್ಕಾರರು ಮತ್ತೆ ಗುಂಡಿ ಒತ್ತಿದರು. ಕಾರು ಹನ್ನೆರಡು ಸರಳುಗಳನ್ನೂ ದಾಟಿ, ತಿರುಗಿ, ಮತ್ತೆ ದಾಟಿ, ಮುಖ್ಯಸ್ಥರ ಬೂಟಿನ ಮುಂದೆ ನಿಂತಿತು. ದೇವದುರ್ಗದ ಜೀಪುಗಳಲ್ಲೂ ಇದೇ ಆಗುತ್ತಿತ್ತು ಎಂದು ಕಾಕಾ ಅವರಿಗೆ ಹೇಳಿದರು.

"ಅಂದರೆ," ಎಂದರು ಮುಖ್ಯಸ್ಥರು, "ನೀವು ಇಷ್ಟು ವರ್ಷ ಜೀಪುಗಳಿಗೆ ಹಾಕಿದ್ದು ತಪ್ಪು ಎಣ್ಣೆ?"

"ಹೌದ್ರಿ. ಮುಂಜಾನಿ ಹೊತ್ತಿಗೆ ಸರಿ, ಮಧ್ಯಾಹ್ನಕ್ಕ ತಪ್ಪು. ಡ್ರೈವರಗಳು ಹೇಳಿದ್ರು. ನಾ ಕೇಳ್ಲಿಲ್ಲ."

"ಇದನ್ನು ನಾನು ಬರೆದುಕೊಳ್ಳಬೇಕಾಗುತ್ತೆ."

"ಬರಕೋರಿ. ಈ ಹುಡುಗಿ ಆಗಲೇ ಬರಕೊಂಡಾಳ."

ಅವರು ಬರೆದುಕೊಂಡು ಹೋದರು. ಏನು ಬರೆದುಕೊಂಡರು ಎಂದು ನಮಗೆ ತಿಳಿಯಲಿಲ್ಲ. ಜೂನ್, ಜುಲೈ, ಆಗಸ್ಟ್ ಹೋದವು. ನಾನು ಪ್ರತಿದಿನ ಟಪಾಲು ನೋಡಿ "ಇಲ್ಲ" ಎಂದು ಬರೆದ ತೊಂಬತ್ತೇಳು ಸಾಲುಗಳಿವೆ. ಆ ದಿನಗಳಲ್ಲಿ ಕಾಕಾ ಒಮ್ಮೆಯೂ ಕೇಳಲಿಲ್ಲ. ಎಂದಿನಂತೆ ಬಂದರು, ಎಂದಿನಂತೆ ತೌಡಿನಲ್ಲಿ ಕೈ ತೊಳೆದರು. ಸೆಪ್ಟೆಂಬರಿನಲ್ಲಿ ಆದೇಶ ಬಂತು. ಅದರ ಕೊನೆಯಲ್ಲಿ ಒಂದು ಸಾಲಿತ್ತು. ಪ್ರಿನ್ಸಿಪಾಲರು ಅದನ್ನು ಎರಡು ಸಲ ಓದಿ ಕೇಳಿಸಿದರು: ಸದರಿಯವರು ತಮ್ಮ ತಪ್ಪನ್ನು ತಾವೇ ಅಳೆದು ತೋರಿಸಿದ್ದರಿಂದ, ವಿದ್ಯಾರ್ಥಿಗಳಿಗೆ ಕಲಿಸಲು ಯೋಗ್ಯರು.

ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು.

ಖಾಯಂ ಆದ ಮೇಲೆ ಅವರು ಕೇಳಿದ್ದು ಒಂದೇ. ಬೇಸಿಗೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ದಿನ ಮಧ್ಯಾಹ್ನ ಎರಡರಿಂದ ಮೂರರ ತನಕ ಕಾರ್ಯಾಗಾರ ತೆರೆದಿರಬೇಕು, ಮುಂಜಾನೆ ಮಾಡಿದ್ದನ್ನು ಮಧ್ಯಾಹ್ನ ಇನ್ನೊಮ್ಮೆ ನೋಡಬೇಕು. ಹುಡುಗರು ಗೊಣಗಿದರು. ಈಗಲೂ ಗೊಣಗುತ್ತಾರೆ. ಆದರೆ ಆ ತಾಸು ಇವತ್ತಿಗೂ ಇದೆ, ಈಗಿನ ವೇಳಾಪಟ್ಟಿಯಲ್ಲೂ ಅಚ್ಚಾಗಿದೆ. ಜೀಪುಗಳಿಗೆ ಯುಗಾದಿಗೊಮ್ಮೆ ದಪ್ಪ ಎಣ್ಣೆ, ದೀಪಾವಳಿಗೊಮ್ಮೆ ತೆಳು ಎಣ್ಣೆ ಎಂಬ ಪದ್ಧತಿಯೂ ಆಗಿನಿಂದ ಬಂತು. ಯುಗಾದಿ ಎಣ್ಣೆ ಬೇಸಿಗೆಯ ಮುಂಜಾನೆ ಸ್ವಲ್ಪ ಬಿಗಿ ಎನಿಸುತ್ತದೆ. "ಮುಂಜಾನಿ ಮಂದಿ ತಾಳಿಕೋತಾರ, ಮೈಯಾಗ ಕಸುವು ಇರತದ," ಎನ್ನುತ್ತಿದ್ದರು. "ದವಾಖಾನಿಗೆ ಹೋಗೋರು ಹೊತ್ತು ನೋಡಿ ಹೋಗಂಗಿಲ್ಲ."

ಬೀಳ್ಕೊಡುಗೆ ಶನಿವಾರ ಹತ್ತು ಗಂಟೆಗೆ ಆಯಿತು. ಭಾಷಣಗಳು ಐದು. ಕಾಕಾ ಆಡಿದ್ದು ಎರಡೇ ಮಾತು. ಅದರಲ್ಲೊಂದು, ನಳಿಗೆಯ ಗಾಜು ಒಡೆಯದಂತೆ ನೋಡಿಕೊಳ್ಳಿ ಎಂಬುದು. ಎರಡು ಗಂಟೆಗೆ ಗೇಟಿನ ಮುಂದೆ ಹುಸೇನಪ್ಪನ ಜೀಪು ನಿಂತಿತ್ತು. ಕಾಕಾನನ್ನು ದೇವದುರ್ಗಕ್ಕೆ ಮುಟ್ಟಿಸಲು ಬಂದಿದ್ದ. ಬೇರೆ ಬಾಡಿಗೆ ಹತ್ತಿಸಿಕೊಂಡಿರಲಿಲ್ಲ.

"ಸಂಜಿಕ್ಕ ತಂಪಿನಾಗ ಹೋಗೋಣಲೇ," ಎಂದರು ಕಾಕಾ.

"ಇಲ್ರಿ. ಈಗ ಹೋಗೂಣು. ಮಧ್ಯಾಹ್ನ ನಾ ಹೆಂಗ ಹೊಡೀತೀನಿ ಅಂತ ನೀವು ಒಮ್ಮೆನೂ ಕುಂತು ನೋಡಿಲ್ಲ."

ನನಗೆ ಮಾನ್ವಿಗೆ ಹೋಗುವುದಿತ್ತು. ಕಲ್ಮಲ ಕ್ರಾಸಿನವರೆಗೆ ಬಾ ಎಂದು ನನ್ನನ್ನೂ ಹತ್ತಿಸಿಕೊಂಡರು. ಕಾಕಾ ಮುಂದೆ ಹುಸೇನಪ್ಪನ ಪಕ್ಕದಲ್ಲಿ, ನಾನು ಹಿಂದೆ. ಊರು ದಾಟುವವರೆಗೆ ಅವರು ಕಿವಿ ಕೊಟ್ಟು ಜೀಪಿನ ಸದ್ದು ಕೇಳುತ್ತಿದ್ದರು. ಆಮೇಲೆ ರಸ್ತೆ ಕೆಟ್ಟಿತು. ನಾನು ರೂಢಿಯಂತೆ ಪುಸ್ತಕ ತೆರೆದು ತಗ್ಗುಗಳಿಗೆ ಗೆರೆ ಎಳೆಯತೊಡಗಿದೆ. ಜೀಪು ಇಳಿಯುತ್ತಿತ್ತು, ಒಮ್ಮೆ ಏಳುತ್ತಿತ್ತು, ನಿಲ್ಲುತ್ತಿತ್ತು. ಇಳಿಯುತ್ತಿತ್ತು, ಒಮ್ಮೆ ಏಳುತ್ತಿತ್ತು.

ಕಲ್ಮಲ ಕ್ರಾಸಿನಲ್ಲಿ ಜೀಪು ನಿಂತಾಗ ಎರಡೂ ಐವತ್ತು. ಇಳಿದು ಮುಂದೆ ಬಂದು, "ಕಾಕಾ, ಬರ್ತೀನಿ," ಎಂದೆ. ಹುಸೇನಪ್ಪ ತುಟಿಯ ಮೇಲೆ ಬೆರಳಿಟ್ಟ.

"ಎಬ್ಬಿಸಬ್ಯಾಡ್ರಿ ಅಕ್ಕಾರ," ಎಂದ, ಉಸಿರಿನಲ್ಲಿ. "ಊರು ಬಿಟ್ಟ ಕೂಡಲೇ ಮಲಗ್ಯಾರ."

ಟೋಪಿ ತೊಡೆಯ ಮೇಲಿತ್ತು. ತಲೆ ಸೀಟಿಗೆ ಒರಗಿತ್ತು, ಸ್ವಲ್ಪ ತೆರೆದ ಬಾಯಿಂದ ಸಣ್ಣಗೆ ಗೊರಕೆ ಬರುತ್ತಿತ್ತು. ಜೀಪು ದೇವದುರ್ಗದ ದಾರಿಗೆ ತಿರುಗಿ, ಕ್ರಾಸಿನ ದೊಡ್ಡ ತಗ್ಗಿಗೆ ಇಳಿದು, ಒಮ್ಮೆ ಎದ್ದು, ಹಾಗೇ ಹೋಯಿತು. ಸೀಟಿಗೆ ಒರಗಿದ ಆ ತಲೆ ಕದಲಲಿಲ್ಲ.

ಅಂದಿನ ಪುಟದಲ್ಲಿ ಹೀಗಿದೆ: "ಶನಿವಾರ, ೨-೫೦. ರಾಯಚೂರಿನಿಂದ ಕಲ್ಮಲ ಕ್ರಾಸ್, ತಗ್ಗು ನಲವತ್ಮೂರು. ಕಾಕಾ ಎಚ್ಚರವಾದದ್ದು: ಸೊನ್ನೆ."